ಬಾಣಂತಿಗೆ ಕೊಟ್ಟ ನೀರು

ಅತ್ತೆಯ ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿನವರೆಗೆ ಇಳಿದಿತ್ತೆಂದರೆ ಮನೆಯಲ್ಲಿ ಜಗಳ ಗ್ಯಾರಂಟಿ. ಹಳಿಯಾಳದ ನಮ್ಮ ಮನೆಯಲ್ಲಿ ದಿನಾ ಬೆಳಿಗ್ಗೆ ಅವರು ಚಹಾ ಕೊಡುತ್ತ, ಬೀಗರಿರಲಿ, ಮಠದ ಅಯ್ಯನವರಿರಲಿ, "ಹೊಟ್ಟಿ ಹಗರಾತೇನ್ರಿ?" ಎಂದು ಸಂಡಾಸಿನ ವಿಚಾರ ಕೇಳಿಯೇಬಿಡುತ್ತಿದ್ದರು. ನಾವು ತಲೆ ತಗ್ಗಿಸಿದರೆ, "ಉಣ್ಣಾಕ ನಾಚಂಗಿಲ್ಲ, ಇದಕ್ಯಾಕ ನಾಚ್ತೀರಿ?" ಎಂದು ನಮ್ಮನ್ನೇ ಬೈಯುತ್ತಿದ್ದರು.

ನನಗೆ ತಾಯಿ ಇರಲಿಲ್ಲ. ಬಾಣಂತನ ಅತ್ತೆಯ ಮನೆಯಲ್ಲೇ ಆಯಿತು. ಆದರೆ ಅದರ ಯಜಮಾನಿಕೆ ಮಾವನ ಅಕ್ಕನದು. ಬಾಣಂತಿ ನೀರು ಕುಡಿದರೆ ಕೂಸಿಗೆ ಶೀತ ಆಗುತ್ತದೆ ಎಂದು ಅವರು ನನಗೆ ಗುಟುಕು ನೀರನ್ನೂ ಅಳೆದು ಕೊಡುತ್ತಿದ್ದರು. ಮಲಬದ್ಧತೆಯಾಗಿ ಹೊಟ್ಟೆ ಕಲ್ಲಾಯಿತು. ಹೆರಿಗೆಯ ಹೊಲಿಗೆ ಬೇರೆ ಹಸಿ. ತಿಣುಕಲು ಜೀವ ಹೆದರುತ್ತಿತ್ತು. ಗಂಡ ಇಸಬಗೋಲ ತಂದು, ಇದಕ್ಕೆ ದೊಡ್ಡ ಲೋಟ ನೀರು ಬೇಕಂತೆ ಎಂದರು. ಮಾವನ ಅಕ್ಕ ನೀರು ಬಿಟ್ಟು ತುಪ್ಪದಲ್ಲಿ ಕಲಸಿ ತಿನ್ನಿಸಿದರು! ಸಂಕಟ ಇನ್ನಷ್ಟು ಹೆಚ್ಚಾಗಿ ನಾನು ಗೋಡೆ ಹಿಡಿದು ಅಳುತ್ತ ನಿಂತೆ.

"ಔಡಲೆಣ್ಣಿ ಕುಡಸೂಣು. ಎಲ್ಲಾ ತೊಳಕೊಂಡು ಹೋಗ್ತೈತಿ," ಎಂದು ಅವರು ಹರಳೆಣ್ಣೆಯ ಬಟ್ಟಲು ತಂದರು.

ಅತ್ತೆ ಒಲೆಯ ಮುಂದಿನಿಂದ ಎದ್ದು ಬಂದರು. ವಿಭೂತಿ ಹುಬ್ಬಿಗಿಳಿದಿತ್ತು. ಬಟ್ಟಲು ಕಸಿದುಕೊಂಡು ಬಚ್ಚಲಿಗೆ ಸುರಿದರು.

"ಹೊಲಿಗಿ ಇನ್ನೂ ಹಸಿ ಐತಿ. ಜಾಡಿಸೂದು ಬ್ಯಾಡ್ರಿ ಅಕ್ಕಾರ, ಮೆತ್ತಗ ಮಾಡೂದು ಬೇಕು. ನನ್ನ ಬಾಣಂತನದಾಗೂ ಇದನ್ನ ಕುಡಿಸಿದ್ರಿ, ನೀರ ಕೊಡಲಿಲ್ಲ. ಮೂಲವ್ಯಾಧಿ ಇವತ್ತಿಗೂ ಬಿಟ್ಟಿಲ್ಲ. ಅವತ್ತ ಬಾಯಿ ಮುಚಗೊಂಡ ಕುಂತಿದ್ದೆ. ಇನ್ನ ಕುಂಡ್ರಂಗಿಲ್ಲ."

"ಊರ ಮಂದಿ ಏನಂತಾರ?"

"ಊರ ಮಂದಿ ಬಂದು ತಿಣಕತಾರೇನು?"

ಕಾಯಿಸಿ ಆರಿಸಿದ ನೀರಿನ ಚೆಂಬನ್ನು ನನ್ನ ಕೈಗಿಟ್ಟರು. "ಕುಡಿ. ಯಾರ ಏನಂತಾರ ನಾ ನೋಡ್ತೇನಿ."

ಅವತ್ತೇ ಡಾಕ್ಟರ ಹತ್ತಿರ ಕರೆದೊಯ್ದು, ಹಾಲುಣಿಸುವವರಿಗೆ ನಡೆಯುವ, ಮಲ ಮೆತ್ತಗೆ ಮಾಡುವ ಸಿರಪ್ಪು ಬರೆಸಿಕೊಂಡರು. ನೀರು, ಸಿರಪ್ಪು ಎರಡೂ ಹೊಟ್ಟೆಗೆ ಬಿದ್ದ ಮೇಲೆ ಒಂದು ಬೆಳಿಗ್ಗೆ ಸಂಡಾಸಿನಿಂದ ನಗುತ್ತ ಬಂದೆ. "ಹಗರಾತು!" ಎಂದು ಅತ್ತೆ ಇಡೀ ಓಣಿಗೆ ಕೇಳುವಂತೆ ಕೂಗಿದರು. ನನಗೆ ನಾಚಿಕೆ ಆಗಲಿಲ್ಲ. ಮಾವನ ಅಕ್ಕ ಮಾತು ಬಿಟ್ಟರು. ಅತ್ತೆ ಕ್ಯಾರೇ ಅನ್ನಲಿಲ್ಲ.

ಹೋದ ವರ್ಷ ಅತ್ತೆಯ ಕೊನೆಯ ಹೊತ್ತು. ಬಾಯಿಗೆ ನೀರು ಮೊದಲು ಮಗನೇ ಬಿಡಬೇಕು, ಸೊಸೆಯದು ಆಮೇಲೆ ಎಂದು ಹಿರಿಯರೊಬ್ಬರು ನನ್ನ ಕೈ ತಡೆದರು. ಗಂಡ ನನಗೆ ಜಾಗ ಬಿಟ್ಟು ಹಿಂದೆ ಸರಿದರು.

"ಎಲ್ಲಾರೂ ಬ್ಯಾಡಂದಾಗ ನನಗ ನೀರ ಕೊಟ್ಟಾಕಿ ನಮ್ಮತ್ತಿ," ಎಂದೆ. "ಕೈ ಬಿಡ್ರಿ."

ಮೊದಲ ನೀರು ನಾನೇ ಬಿಟ್ಟೆ.