ನಾಯಿಗೆ ಯಾವುದರಲ್ಲಿ ನೀರಿಡುತ್ತೀರಿ

ದುಂಡಸಿಯ ಶಂಕ್ರವ್ವ ಪಶು ಸಖಿ. ಎಮ್ಮೆಯ ಹೊಟ್ಟೆ ಉಬ್ಬಿದರೆ, ಕುರಿಗೆ ಜಂತಿನ ಔಷಧ ಹಾಕಬೇಕಾದರೆ ಊರವರಿಗೆ ಮೊದಲು ನೆನಪಾಗುವುದು ಅವಳೇ. ಗಂಡ ತೀರಿಹೋದ ಮೇಲೆ ಎರಡೆಕರೆ ಹೊಲ, ಈ ಕೆಲಸ, ರಂಭಿ ಎಂಬ ಮುಧೋಳ ನಾಯಿ, ಇಷ್ಟೇ ಅವಳ ಸಂಸಾರ. ಒಂಬತ್ತು ವರ್ಷದ ರಂಭಿಯ ಮೊಲೆಯ ಬುಡದಲ್ಲಿ ನಿಂಬೆಕಾಯಿಯಷ್ಟು ಗಂಟು ಕಾಣಿಸಿಕೊಂಡಾಗ ಟಂಟಂ ಗಾಡಿ ಮಾಡಿಸಿಕೊಂಡು ಶಿಗ್ಗಾಂವಿಯ ಪಶು ಆಸ್ಪತ್ರೆಗೆ ಒಯ್ದಳು. ಅಲ್ಲಿ ಸಿಕ್ಕವಳು ದೀಪ್ತಿ, ಸವಣೂರಿನ ಹುಡುಗಿ, ಪಶುವೈದ್ಯೆ. ಗಂಟನ್ನು ಕತ್ತರಿಸಿ ತೆಗೆದು ಅದರ ಚೂರೊಂದನ್ನು ಪರೀಕ್ಷೆಗೆ ಕಳಿಸಿದಳು. ಹದಿನೈದು ದಿನಕ್ಕೆ ಕ್ಯಾನ್ಸರ್ ಎಂದು ವರದಿ ಬಂತು.

ದೀಪ್ತಿ ಆಗ ಮುಧೋಳ ನಾಯಿಗಳಿಗೆ ಬರುವ ಕ್ಯಾನ್ಸರಿನ ಮೇಲೆ ಸಂಶೋಧನೆ ನಡೆಸುತ್ತಿದ್ದಳು. ನೀರು, ಹೊಗೆ, ಊರವರು ಎಣ್ಣೆ ಎನ್ನುವ, ಹೊಲಕ್ಕೆ ಹೊಡೆಯುವ ವಿಷ, ಇವುಗಳಲ್ಲಿ ಯಾವುದಾದರೂ ಕಾರಣ ಇರಬಹುದೇ ಎಂಬುದು ಅವಳ ಪ್ರಶ್ನೆ. ಅದಕ್ಕಾಗಿ ಹಾನಗಲ್ಲ, ಶಿಗ್ಗಾಂವಿ, ಸವಣೂರ, ಹಿರೇಕೆರೂರ ತಾಲೂಕುಗಳಲ್ಲಿ ಕ್ಯಾನ್ಸರ್ ಇದ್ದ, ಇಲ್ಲದ ನಾಯಿಗಳಿರುವ ಇನ್ನೂರು ಮನೆಗಳಿಗೆ ಹೋಗಿ ಫಾರ್ಮು ತುಂಬಬೇಕಿತ್ತು. ಪರವೂರ ಹುಡುಗಿ ಒಬ್ಬಳೇ ಹೋದರೆ ಜನ ಬಾಯಿ ಬಿಡುತ್ತಿರಲಿಲ್ಲ. ಜೊತೆಗೆ ಬರುತ್ತೀರಾ ಎಂದು ಶಂಕ್ರವ್ವನನ್ನು ಕೇಳಿದಳು.

"ಜಡ್ಡಿನ ನಾಯಿದು ಬರಿಯೂದು ತಿಳೀತ್ರಿ ಬಾಯಾರ. ಆರಾಮ ಇದ್ದ ನಾಯಿದೂ ಯಾಕ ಬೇಕು?" ಎಂದಳು ಶಂಕ್ರವ್ವ.

"ಜಡ್ಡಿನ ನಾಯಿ ಅಷ್ಟ ಕೇಳಿದ್ರ ಎಲ್ಲಾವೂ ರೊಟ್ಟಿ ತಿಂತಾವ. ರೊಟ್ಟಿಯಿಂದನ ಕ್ಯಾನ್ಸರ್ ಬರ್ತದ ಅಂತ ಬರೀಬೇಕಾಗ್ತದ. ಆರಾಮ ಇದ್ದದ್ದೂ ಅದನ್ನ ತಿಂತದ ಅಂತಾದ್ರ, ರೊಟ್ಟಿದೇನು ತಪ್ಪಿಲ್ಲ ಅಂತ ತಿಳೀತದ."

ಈ ಮಾತು ಶಂಕ್ರವ್ವನಿಗೆ ಹಿಡಿಸಿತು. ಹೊರಟಳು.

ಹುಲಗೂರಿನಲ್ಲಿ ದಿಲಾವರ ಎಂಬವನ ಮನೆಗೆ ಅವಳು ಒಬ್ಬಳೇ ಹೋಗಿದ್ದಳು. ಅವನ ನಾಯಿಗೂ ಗಂಟಿತ್ತು. ಕೇಳಿದ್ದಕ್ಕೆಲ್ಲ ಅವನು ಪಟಪಟನೆ ಉತ್ತರಿಸಿದ. ನೀರು ಬೋರಿನದು, ದಿನಾ ಹೊಸದು. ಅವನು ಅಂಗಡಿಯ ಕಡೆ ನಡೆದ ಮೇಲೆ ಹೆಂಡತಿ ಕೌಸರ ಹೊರಗೆ ಬಂದಳು.

"ನಾಯಿಗೆ ನೀರಿಡಾಕಿ ನಾನು, ಅಕ್ಕಾರ. ಅವರಿಗೇನು ಗೊತ್ತು. ಬರ್ರಿ, ತೋರಸ್ತೇನಿ."

ಹಿತ್ತಲಿನ ಬೇವಿನ ಗಿಡದ ಕೆಳಗೆ ಅರ್ಧಕ್ಕೆ ಕೊಯ್ದ ಪ್ಲಾಸ್ಟಿಕ್ ಕ್ಯಾನೊಂದರಲ್ಲಿ ನೀರಿತ್ತು. ಗೋವಿನಜೋಳದ ಹೊಲಕ್ಕೆ ಹೊಡೆಯುವ ಕಳೆನಾಶಕದ ಕ್ಯಾನು. ಚೀಟಿ ಇನ್ನೂ ಪೂರ್ತಿ ಕಿತ್ತಿರಲಿಲ್ಲ.

"ಛಲೋ ತೊಳದ ಇಟ್ಟೇನ್ರಿ. ಒಡಿಯಂಗಿಲ್ಲ, ಗಾಳಿಗೆ ಹಾರಂಗಿಲ್ಲ," ಎಂದಳು ಕೌಸರ.

ಶಂಕ್ರವ್ವ ಬಗ್ಗಿ ಚೀಟಿ ನೋಡಿದಳು. ಅಂಥದೇ ಕ್ಯಾನು ಅವಳ ಮನೆಯಲ್ಲೂ ಇತ್ತು. ತಮ್ಮ ಫಕ್ಕೀರೇಶ ಕೊಯ್ದು ಕೊಟ್ಟದ್ದು, ಅವಳೇ ಬೂದಿ ಹಾಕಿ ತಿಕ್ಕಿದ್ದು. ಫಾರ್ಮಿನಲ್ಲಿ ನೀರು ಎಲ್ಲಿಯದು ಎಂಬ ಪ್ರಶ್ನೆಯಿತ್ತು, ಯಾವುದರಲ್ಲಿ ಇಡುತ್ತೀರಿ ಎಂಬುದು ಇರಲಿಲ್ಲ. ಅಂಚಿನ ಖಾಲಿ ಜಾಗದಲ್ಲಿ ಕಂಡದ್ದನ್ನು ಬರೆದಳು. ಮನೆಗೆ ಹೋದವಳೇ ಕ್ಯಾನು ತೆಗೆದು, ಮೂಲೆಯಲ್ಲಿದ್ದ ಹಳೆಯ ಒರಳಿಗೆ ನೀರು ತುಂಬಿಸಿಟ್ಟಳು. ಇದನ್ನು ದೀಪ್ತಿಗೆ ಹೇಳಲಿಲ್ಲ.

ಅಂದಿನಿಂದ ಅವಳು ಹಿತ್ತಲಿಗೆ ಹೋಗದೆ ಫಾರ್ಮು ಮುಗಿಸುತ್ತಿರಲಿಲ್ಲ. ಹಾನಗಲ್ಲ ಬಸ್‌ಸ್ಟ್ಯಾಂಡಿನಲ್ಲಿ ಕೂತು ಕಾಗದ ಜೋಡಿಸುತ್ತಿದ್ದ ದೀಪ್ತಿಗೆ ಅಂಚಿನ ಬರಹ ಕಣ್ಣಿಗೆ ಬಿತ್ತು. ಒಂದೊಂದಾಗಿ ತಿರುವಿದಳು. ಮೂವತ್ತೊಂದು ಫಾರ್ಮುಗಳಲ್ಲಿತ್ತು.

"ಇದನ್ನ ಕೇಳಬೇಕಂತ ನನಗ ಹೊಳೀಲೇ ಇಲ್ಲ," ಎಂದಳು. ಫಾರ್ಮುಗಳನ್ನು ಮಡಿಲಲ್ಲಿಟ್ಟುಕೊಂಡು, "ಆದ್ರ ಶಂಕ್ರಕ್ಕ, ಕಂಡಲ್ಲಷ್ಟ ಬರದ್ರ ನಡಿಯಂಗಿಲ್ಲ. ಎಲ್ಲಾರ ಮನಿಯೊಳಗೂ ಒಂದ ರೀತಿ ಕೇಳಬೇಕು. ತಿರುಗಿ ಹೋಗೂದಾತು."

ಆಗಲೇ ನೂರಾ ಅರವತ್ತು ಮನೆ ಮುಗಿದಿದ್ದವು. ದೀಪ್ತಿ ಆರು ತಿಂಗಳ ಅವಧಿ ಹೆಚ್ಚಿಗೆ ಪಡೆದಳು. ಇಬ್ಬರೂ ಅವೇ ಊರು, ಅವೇ ಓಣಿ ಮತ್ತೆ ತುಳಿದರು. ಹಿರೇಕೆರೂರ ಕಡೆಯ ಹೊಳಬಸಪ್ಪ ಎಂಬ ಮುದುಕ, "ನನ್ನ ಲಗ್ನದಾಗೂ ಇಷ್ಟ ವಿಚಾರಿಸಿರಲಿಲ್ರಿ," ಎಂದು ನಗುತ್ತಲೇ ಕಂಬಳಿ ಹಾಸಿದ.

ಕೊನೆಗೆ ಉಳಿದದ್ದು ಶಂಕ್ರವ್ವನ ಫಾರ್ಮು. ಅವಳ ಮನೆಯ ಕಟ್ಟೆಯ ಮೇಲೆ ಕೂತ ದೀಪ್ತಿ ಹೊಸ ಪ್ರಶ್ನೆ ಓದಿದಳು: ಕಳೆದ ಐದು ವರ್ಷಗಳಲ್ಲಿ ನಾಯಿಗೆ ಯಾವುದರಲ್ಲಿ ನೀರಿಟ್ಟಿದ್ದೀರಿ? ಎದುರಿಗೇ ರಂಭಿ ಒರಳಿನಿಂದ ನೀರು ನೆಕ್ಕುತ್ತಿತ್ತು. ದೀಪ್ತಿ ಅದನ್ನೇ ನೋಡಿ ಬರೆಯಲು ಬಗ್ಗಿದಳು. ಸುಮ್ಮನಿದ್ದರೆ ಮುಗಿದುಹೋಗುತ್ತಿತ್ತು.

"ಒರಳು ಈಗ ಏಳೆಂಟ ತಿಂಗಳಿಂದರಿ," ಎಂದಳು ಶಂಕ್ರವ್ವ. "ಅದಕ್ಕೂ ಮೊದಲ ನಾಕ ವರ್ಷ ಎಣ್ಣಿ ಕ್ಯಾನಿನಾಗ. ನಾನ ತುಂಬಿ ಇಡತಿದ್ದೆ. ಹಂಗ ಬರೀರಿ."

ದೀಪ್ತಿ ತಲೆಯೆತ್ತಿ ಅವಳನ್ನು ನೋಡಿ, ಹಾಗೆಯೇ ಬರೆದಳು.

"ಅದರಿಂದನ ಬಂತೇನ್ರಿ ಇದಕ್ಕ?"

"ಖರೇನ ಗೊತ್ತಿಲ್ಲ ಶಂಕ್ರಕ್ಕ. ಹೌದು ಅನ್ನಲಿಕ್ಕೂ ಬರೂದಿಲ್ಲ, ಅಲ್ಲ ಅನ್ನಲಿಕ್ಕೂ ಬರೂದಿಲ್ಲ."

ಸಮಾಧಾನಕ್ಕೆ ಅಲ್ಲ ಎಂದುಬಿಡಬಹುದಿತ್ತು. ಹಾಗನ್ನದಿದ್ದುದಕ್ಕೆ ಶಂಕ್ರವ್ವನಿಗೆ ಆ ಹುಡುಗಿಯ ಮೇಲೆ ನಂಬಿಕೆ ಗಟ್ಟಿಯಾಯಿತು. ಆದರೂ ಅಂದು ಅವಳಿಗೆ ಊಟ ಸೇರಲಿಲ್ಲ.

ರಂಭಿ ಮತ್ತೊಂದು ಚಳಿಗಾಲ ಕಂಡಿತು. ಸಂಕ್ರಾಂತಿಯಾದ ವಾರದಲ್ಲಿ, ಎಳೆಬಿಸಿಲಿಗೆ ಮೈಯೊಡ್ಡಿ ಮಲಗಿದ್ದು ಏಳಲಿಲ್ಲ. ಫಕ್ಕೀರೇಶ ಹೊಲದ ಬದುವಿನಲ್ಲಿ ಗುಣಿ ತೋಡಿದ. ಶಂಕ್ರವ್ವ ತಾನೇ ಮಣ್ಣೆಳೆದಳು.

ಸಂಶೋಧನೆಯ ವರದಿ ಬಂದಾಗ ದೀಪ್ತಿ ಅದನ್ನು ಕನ್ನಡದಲ್ಲಿ ಒಂದು ಪುಟ ಮಾಡಿ ತಂದುಕೊಟ್ಟಳು. ನಾಯಿಗಳ ಸಂಖ್ಯೆ ಸಾಲದು, ಕ್ಯಾನಿನ ವಿಚಾರದಲ್ಲಿ ಖಚಿತವಾಗಿ ಏನೂ ಹೇಳಲಾಗದು, ಇನ್ನೂ ದೊಡ್ಡ ಅಧ್ಯಯನ ಬೇಕು ಎಂದಿತ್ತು. ಊರಿನ ಸ್ವಸಹಾಯ ಸಂಘದ ಹೆಂಗಸರ ಮುಂದೆ ಶಂಕ್ರವ್ವ ಅದನ್ನು ಓದಿದಳು.

"ಅಷ್ಟೆಲ್ಲಾ ತಿರಗ್ಯಾಡಿ ಗೊತ್ತಿಲ್ಲ ಅಂತ ಬರದ್ರೇನು?" ಎಂದಳು ಪಕ್ಕದ ಮನೆಯ ವಿದ್ಯಾಶ್ರೀ.

"ಗೊತ್ತಿಲ್ಲ ಅನ್ನಾಕೂ ಇನ್ನೂರ ಮನಿ ತಿರಗಬೇಕಾತವ್ವ," ಎಂದಳು ಶಂಕ್ರವ್ವ.

ಹೆಂಗಸರು ಮಾತ್ರ ವರದಿಗೆ ಕಾದಿರಲಿಲ್ಲ. ಹುಲಗೂರಿನ ಕೌಸರ ಎಂದೋ ಕ್ಯಾನು ತೆಗೆದು ನಾಯಿಯ ನೀರಿಗೆ ಮಣ್ಣಿನ ಪರಾತ ಇಟ್ಟಿದ್ದಳು.

ಮರುವರ್ಷ ದೊಡ್ಡ ಅಧ್ಯಯನಕ್ಕೆ ಒಪ್ಪಿಗೆ ಸಿಕ್ಕಿತು. ಈ ಸಲ ದೀಪ್ತಿ ದುಂಡಸಿಗೆ ಬಂದದ್ದು ಖಾಲಿ ಹಾಳೆ ಹಿಡಿದುಕೊಂಡು. "ಪ್ರಶ್ನೆ ನೀವು ಹೇಳ್ರಿ, ನಾ ಬರ್ಕೋತೀನಿ," ಎಂದಳು.

ಶಂಕ್ರವ್ವ ಬಹಳ ಯೋಚಿಸಲಿಲ್ಲ. "ಮನಿಯಾಗ ನಾಯಿಗೆ ಕೂಳು ಹಾಕೋರು ಯಾರು ಅಂತ ಮೊದಲ ಕೇಳೂಣ್ರಿ. ಅವರನ್ನ ಕರದು ಕುಂದರಿಸಿ ಉಳಿದದ್ದು ಕೇಳೂಣು."

ಮಧ್ಯಾಹ್ನದ ಹೊತ್ತಿಗೆ ಹದಿನಾಲ್ಕು ಪ್ರಶ್ನೆಗಳಾದವು. ಒಂಬತ್ತು ಶಂಕ್ರವ್ವನವು.