ಸಿಪಾಯಿಗಿಟ್ಟ ಕುಂಕುಮ

ಆಯುಧಪೂಜೆಯ ಬೆಳಿಗ್ಗೆ ಹೆಬ್ಬಾಳದ ನಮ್ಮ ಆಫೀಸಿನಲ್ಲಿ ಕಂಪ್ಯೂಟರುಗಳಿಗೆ ಕುಂಕುಮ ಹಚ್ಚಿ, ಬೂದುಗುಂಬಳ ಒಡೆದು, ಕಡಲೆಪುರಿ ಹಂಚಿ ಮಧ್ಯಾಹ್ನಕ್ಕೆ ಮನೆಗೆ ಕಳಿಸುತ್ತಿದ್ದರು. ಆ ವರ್ಷ ಯಾರಿಗೋ ಹುಕಿ ಬಂದು, ದೇಶವಿದೇಶದ ವೀರವನಿತೆಯರ ವೇಷ ಹಾಕಬೇಕೆಂದರು. ಚೀಟಿ ಎತ್ತಿದೆ. ‘ಮೆಕ್ಸಿಕೋ ಕ್ರಾಂತಿಯ ಹೆಣ್ಣು ಸಿಪಾಯಿ’ ಎಂದಿತ್ತು. ನನ್ನ ಗ್ರಹಚಾರ! ಮೊಬೈಲಿನಲ್ಲಿ ಹುಡುಕಿದರೆ ಉದ್ದ ಲಂಗ, ಎರಡು ಜಡೆ, ಅಗಲ ಟೋಪಿ, ಎದೆಯ ಮೇಲೆ ಕತ್ತರಿಯಾಕಾರದಲ್ಲಿ ಗುಂಡಿನ ಪಟ್ಟಿ, ಕೈಯಲ್ಲಿ ಬಂದೂಕು.

ಒಲ್ಲೆ ಎನ್ನಬಹುದಿತ್ತು. ಯಜಮಾನರು ತೀರಿಕೊಂಡು ಎರಡು ವರ್ಷವೂ ತುಂಬಿರಲಿಲ್ಲ. ಸರಸ್ವತಿಪುರಂ ಮನೆಯಲ್ಲಿ ನಾನು ಮತ್ತು ಅತ್ತೆ ಇಬ್ಬರೇ. ಯಜಮಾನರು ಹೋದಂದಿನಿಂದ ನಾನು ಹಣೆಗೆ ಕುಂಕುಮ ಇಟ್ಟಿರಲಿಲ್ಲ. ಇಡಬೇಡ ಎಂದು ಅತ್ತೆ ಹೇಳಿದವರಲ್ಲ, ಇಟ್ಟುಕೋ ಎಂದೂ ಅಂದವರಲ್ಲ. ಆದರೆ ನಿಜ ಹೇಳಿಬಿಡುತ್ತೇನೆ, ಆ ವೇಷ ಹಾಕಲು ನನಗೆ ಬಹಳ ಆಸೆಯಾಗಿತ್ತು. ಮಗನನ್ನು ಕಳೆದುಕೊಂಡ ಅತ್ತೆ ಏನಂದುಕೊಳ್ಳುತ್ತಾರೋ ಎಂಬ ದಿಗಿಲೂ ಅಷ್ಟೇ ಇತ್ತು.

ಗುಂಡಿನ ಪಟ್ಟಿಗೆ ಬೇರೇನೂ ಸಿಗದೆ ಯಜಮಾನರ ಎರಡು ಬೆಲ್ಟುಗಳಿಗೆ ಪೆನ್ನಿನ ಕ್ಯಾಪು ಅಂಟಿಸಿದ್ದೆ. ಕಳ್ಳಿಯ ಹಾಗೆ ಕೋಣೆಯಿಂದ ಹೊರಬಂದರೆ ಅತ್ತೆ ನಡುಮನೆಯಲ್ಲೇ ಇದ್ದರು. ಈಳಿಗೆಮಣೆ, ಕತ್ತರಿ, ಸುತ್ತಿಗೆ ಎಲ್ಲ ಸಾಲಾಗಿಟ್ಟು ಪೂಜೆಗೆ ಕೂತಿದ್ದರು.

“ಇದ್ಯಾವ ವೇಷ ಕಣಮ್ಮ?”

“ಮೆಕ್ಸಿಕೋ ಸಿಪಾಯಿ ಅತ್ತೆ. ಆಫೀಸ್ನೋರು ಹಾಕ್ಕೊಂಡ್ಬನ್ನಿ ಅಂದ್ರು...”

ಅವರ ಕಣ್ಣು ಬೆಲ್ಟಿನ ಮೇಲೆ ನಿಂತಿತು. ಗುರುತು ಹತ್ತಿತ್ತು.

“ಬಂದೂಕ ಇಲ್ಲಿಡು. ಪೂಜೆ ಆಗ್ದೆ ಆಚೆ ತಗೊಂಡೋಗ್ಬಾರ್ದು.”

“ಪ್ಲಾಸ್ಟಿಕ್ದು ಅತ್ತೆ.”

“ಆಗ್ಲಿ ಬುಡು.”

ಬಂದೂಕಿಗೆ ಕುಂಕುಮ ಇಟ್ಟರು. ಎದ್ದು ಬಂದು ಒಂದು ಬೆಲ್ಟಿಗೆ, ಇನ್ನೊಂದಕ್ಕೆ, ಟೋಪಿಗೆ ಇಟ್ಟರು. ಅದೇ ಓಘದಲ್ಲಿ ಬೆರಳು ನನ್ನ ಹಣೆಗೂ ಬಂದುಬಿಟ್ಟಿತು. ಅವರು ಬೆರಳನ್ನು ಹಿಂದಕ್ಕೆಳೆದುಕೊಂಡರು.

“ಇವ್ಳ ಗಂಡ ಇದಾನಾ?” ಎಂದರು.

“ಯಾರ ಗಂಡ ಅತ್ತೆ?”

“ಈ ಸಿಪಾಯಿ ಗಂಡ ಕಣಮ್ಮ.”

“ಗೊತ್ತಿಲ್ಲ. ಯುದ್ಧ ಅಲ್ವಾ? ಇದ್ರೂ ಇರ್ಬೋದು, ಇಲ್ದೇನೂ ಇರ್ಬೋದು.”

“ಗೊತ್ತಿಲ್ಲ ಅಂದ್ಮೇಲೆ ಅಳ್ಸೋದ್ಯಾಕೆ? ಇರ್ಲಿ, ಹೋಗ್ಬಾ.”

ಆಫೀಸಿನಲ್ಲಿ ಯಾರ ಚಪ್ಪಾಳೆಯೂ ನನ್ನ ಕಿವಿಗೆ ಬೀಳಲಿಲ್ಲ. ಬಹುಮಾನ ಯಾರಿಗೆ ಬಂತೆಂಬುದೂ ನೆನಪಿಲ್ಲ. ಅತ್ತೆ ಕೈತಪ್ಪಿ ಇಟ್ಟರೋ, ಬೇಕೆಂದೇ ಇಟ್ಟರೋ? ಸಿಟ್ಟಿತ್ತೋ, ಕರುಣೆಯೋ? ನನಗೆ ಸಂತೋಷವಾಗಿದೆಯೋ, ಅಳು ಬರುತ್ತಿದೆಯೋ, ಅದೂ ತಿಳಿಯದೆ ಕೈಯಲ್ಲಿ ಪುರಿಯ ಪೊಟ್ಟಣ ಹಿಡಿದು ಆಟೋದಲ್ಲಿ ವಾಪಸಾದೆ.

ಮನೆಗೆ ಬಂದು ಲಂಗ ಬಿಚ್ಚಿ ಸೀರೆ ಉಟ್ಟೆ, ಜಡೆ ಬಿಚ್ಚಿ ತುರುಬು ಕಟ್ಟಿದೆ. ಸಿಪಾಯಿ ಹೋದಳು, ಕುಂಕುಮ ಉಳಿಯಿತು. ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿದೆ. ಹೊರಗೆ ಅತ್ತೆ ಮಗನ ಬೆಲ್ಟುಗಳನ್ನು ತೊಡೆಯ ಮೇಲಿಟ್ಟುಕೊಂಡು ಕ್ಯಾಪುಗಳನ್ನು ಒಂದೊಂದಾಗಿ ಕೀಳುತ್ತಿದ್ದರು.

“ಅತ್ತೆ, ವೇಷ ತೆಗೆದಾಯ್ತು. ಮುಖ ತೊಳ್ಕೊಳ್ಲಾ?”

ಅವರು ತಲೆಯೆತ್ತಲಿಲ್ಲ. “ನನ್ ಕೈಯಾರೆ ಇಟ್ಟಿದ್ನ ನನ್ ಮುಂದೇನೇ ತೊಳೀತೀಯೇನಮ್ಮ?” ಎಂದರು.

ನಲ್ಲಿ ನಿಲ್ಲಿಸಿದೆ.