ಅತ್ತೆ ಅಂಟಿಸಿದ ಕಾಗದದ ಗುಲಾಬಿ

ಅತ್ತೆಯ ಬೆರಳ ತುದಿಗಳು ಯಾವಾಗಲೂ ಸಿಪ್ಪೆ ಏಳುತ್ತಿದ್ದವು. ಅದು ಚರ್ಮವಲ್ಲ, ಒಣಗಿದ ಮೈದಾ ಅಂಟು. ಮಾತಾಡುತ್ತಾ ಕೂತಾಗ ಹೆಬ್ಬೆರಳಿನಿಂದ ಉಳಿದ ಬೆರಳುಗಳನ್ನು ಉಜ್ಜಿ ಉಜ್ಜಿ ಆ ಸಿಪ್ಪೆಯನ್ನು ಬಿಡಿಸುವುದು ಅವರಿಗೊಂದು ಅಭ್ಯಾಸ. ತೆಳ್ಳಗಿನ ಆ ಚೂರುಗಳಲ್ಲಿ ಅವರ ಬೆರಳಿನ ಗೆರೆಗಳೆಲ್ಲ ಅಚ್ಚಾಗಿರುತ್ತಿದ್ದವು. ಚಿಕ್ಕವಳಾಗಿದ್ದಾಗ ನಾನು ಅವನ್ನು ಆಯ್ದು ಬೆಂಕಿಪೊಟ್ಟಣದಲ್ಲಿ ತುಂಬಿಡುತ್ತಿದ್ದೆ. ಇರುವೆ ಬರುತ್ತದೆ, ಬಿಸಾಡು ಎಂದು ಗದರುತ್ತಿದ್ದರು. ಇರುವೆ ಬಂದದ್ದನ್ನು ನಾನು ಕಾಣೆ. ಅಂಟು ಕುದಿಸುವಾಗಲೇ ಅವರು ಒಂದು ಚಿಟಿಕೆ ಮೈಲುತುತ್ತ ಹಾಕುತ್ತಿದ್ದರು; ಹುಳಹುಪ್ಪಟೆ ಆ ಕಡೆ ಸುಳಿಯುತ್ತಿರಲಿಲ್ಲ.

ಅವರು ನನ್ನ ಅಪ್ಪನ ಅಕ್ಕ. ಸಿದ್ದಾಪುರದಲ್ಲಿ, ಲಾಲ್‌ಬಾಗಿನ ಗೋಡೆಗೆ ಸಮೀಪದ ಒಂದು ಓಣಿಯಲ್ಲಿ ಅವರ ಮನೆ. ನಾವು ಜಯನಗರದಲ್ಲಿ. ಆಗಿನ ಜಯನಗರವೆಂದರೆ ಮನೆಗಳಿಗಿಂತ ಕಲ್ಲು ನೆಟ್ಟ ಸೈಟುಗಳೇ ಹೆಚ್ಚು. ಗಾಳಿ ಬಂದರೆ ಕೆಂಪು ಮಣ್ಣು ಅಡುಗೆಮನೆಯವರೆಗೂ ಬರುತ್ತಿತ್ತು. ಆ ಮಣ್ಣಿನಲ್ಲೇ ಅತ್ತೆ ಬಟ್ಟೆಚೀಲ ಹಿಡಿದು ನಡೆದು ಬರುತ್ತಿದ್ದರು. ಚೀಲದಲ್ಲಿ ಕತ್ತರಿ, ಅಂಟಿನ ಡಬ್ಬಿ, ಅಂಟಿದ್ದನ್ನು ಎಬ್ಬಿಸಲು ಬಿದಿರಿನ ಒಂದು ತೆಳು ಸೀಳು ಇದ್ದೇ ಇರುತ್ತಿದ್ದವು. ನಾನು ಕಾಯುತ್ತಿದ್ದದ್ದು ಅವರಿಗಾಗಿಯೋ ಆ ಚೀಲಕ್ಕಾಗಿಯೋ ಎಂದು ಚಿಕ್ಕಮ್ಮ ತಮಾಷೆ ಮಾಡುತ್ತಿದ್ದರು.

ಚಿಕ್ಕಮ್ಮ ಎಂದರೆ ಅಪ್ಪನ ಎರಡನೆಯ ಹೆಂಡತಿ. ನನ್ನನ್ನು ಹೆತ್ತ ಅಮ್ಮ, ನನಗೆ ಮಾತು ಬರುವ ಮುಂಚೆಯೇ ತೀರಿಕೊಂಡಿದ್ದಳು. ಅಪ್ಪನಿಗೆ ಮತ್ತೆ ಮದುವೆ ಮಾಡಿಸಿ ನನ್ನನ್ನು ಒಬ್ಬರ ಕೈಗೆ ಒಪ್ಪಿಸಿದವರು ಅತ್ತೆಯೇ. ಚಿಕ್ಕಮ್ಮ ನನ್ನನ್ನು ಚೆನ್ನಾಗಿಯೇ ನೋಡಿಕೊಂಡರು. ಅದರಲ್ಲಿ ಎರಡು ಮಾತಿಲ್ಲ.

ಅತ್ತೆ ನೆಂಟರಿಗೆ, ಊರವರಿಗೆ ಫೋಟೋ ಆಲ್ಬಮ್ ಕಟ್ಟಿಕೊಡುತ್ತಿದ್ದರು. ಕೊಂಡ ಆಲ್ಬಮ್ಮಿನ ಬಗ್ಗೆ ಅವರಿಗೆ ಎಳ್ಳಷ್ಟೂ ಗೌರವವಿರಲಿಲ್ಲ. ಅವೆನ್ಯೂ ರಸ್ತೆಯಿಂದ ದಪ್ಪ ಕಪ್ಪು ಕಾಗದ ತರಿಸಿ, ಕತ್ತರಿಸಿ, ಮಡಿಸಿ, ದಾರದಿಂದ ಹೊಲಿದು, ಹಳೆಯ ಕ್ಯಾಲೆಂಡರಿನ ರಟ್ಟಿಗೆ ಹರಿದ ರೇಷ್ಮೆ ಸೀರೆಯ ಅಂಚು ಸುತ್ತಿ ಹೊದಿಕೆ ಮಾಡುತ್ತಿದ್ದರು. ಹಾಳೆ ಹಾಳೆಯ ನಡುವೆ ಬಟರ್ ಪೇಪರ್. ಮದುವೆ ಕರೆಯೋಲೆಗಳ ಚಿನ್ನದ ಗೆರೆಯಿರುವ ಭಾಗವನ್ನು ಕತ್ತರಿಸಿ ಪುಟ್ಟ ಪುಟ್ಟ ಮೂಲೆಗಳನ್ನು ಮಡಿಸುತ್ತಿದ್ದರು. ಫೋಟೋದ ನಾಲ್ಕು ತುದಿ ಆ ಮೂಲೆಗಳೊಳಗೆ ಕೂರಬೇಕು. ಅಂಟು ಮೂಲೆಗೆ ಮಾತ್ರ, ಫೋಟೋಗೆ ಎಂದೂ ಇಲ್ಲ. ನನಗೆ ಅವರು ಕಲಿಸಿದ ಮೊದಲ ಪಾಠ ಅದು.

"ಫೋಟೋ ಬೆನ್ನಿಗೆ ಅಂಟು ತಾಗಿಸಬಾರ್ದು ಕಣೆ. ಮೂಲೇಲಿ ಹಿಡ್ಕೊಂಡ್ರೆ ಸಾಕು, ಎಲ್ಲಿಗೆ ಹೋಗುತ್ತೆ ಅದು?"

ಅವರ ಆಲ್ಬಮ್ಮುಗಳಿಗೆ ಎರಡು ಬಾಗಿಲು. ಮುಂದಿನಿಂದ ತೆರೆದರೆ ಇರುವವರು, ಹಿಂದಿನಿಂದ ತೆರೆದರೆ ಹೋದವರು. ಎರಡರ ನಡುವೆ ಒಂದಷ್ಟು ಖಾಲಿ ಹಾಳೆ. ಯಾರಾದರೂ ತೀರಿಕೊಂಡರೆ, ಹನ್ನೊಂದರ ಕರ್ಮ ಮುಗಿದ ಮೇಲೆ ಅತ್ತೆಯನ್ನು ಕರೆಸುತ್ತಿದ್ದರು. ಅವರು ಕೈತೊಳೆದು, ಮುಂದಿನ ಹಾಳೆಯಿಂದ ಫೋಟೋ ಜಾರಿಸಿ ತೆಗೆದು ಹಿಂದಿನ ಹಾಳೆಗೆ ಹಾಕಿ, ಒಂದು ಚುಕ್ಕೆ ಕುಂಕುಮ ಇಡುತ್ತಿದ್ದರು. ಇದಕ್ಕೆಂದೇ ಅಂಟು ತಾಗಿಸಬಾರದು. ಗುಂಪಿನ ಫೋಟೋಗಳಿಗೆ ಈ ಕಟ್ಟುನಿಟ್ಟಿರಲಿಲ್ಲ. ಗುಂಪೆಂದ ಮೇಲೆ ಒಬ್ಬರಲ್ಲ ಒಬ್ಬರು ಹೋಗಿಯೇ ಇರುತ್ತಾರೆ. ಮಿಕ್ಕಂತೆ, ಇರುವವರನ್ನೂ ಹೋದವರನ್ನೂ ಒಂದೇ ಹಾಳೆಯಲ್ಲಿ ಕೂರಿಸುವುದು ಅವರ ಲೆಕ್ಕದಲ್ಲಿ ಅಪಶಕುನ.

ಒಮ್ಮೆ ಯಡಿಯೂರಿನ ಕಡೆಯ ಹೆಂಗಸೊಬ್ಬರು ಬಂದರು. ಜಮೀನು ಪಾಲಾಗಿ ಮನೆಯಲ್ಲಿ ಜಗಳವಾಗಿತ್ತಂತೆ. ಗುಂಪಿನ ಫೋಟೋದಿಂದ ತನ್ನ ಓರಗಿತ್ತಿಯನ್ನು ಕತ್ತರಿಸಿ ತೆಗೆಯಬೇಕು, ಆ ಜಾಗಕ್ಕೆ ಒಂದು ಹೂಕುಂಡ ಅಂಟಿಸಬೇಕು ಎಂದು ಅವರ ಆಸೆ. ಅತ್ತೆ ಫೋಟೋವನ್ನು ಅಂಚಿನಲ್ಲಿ ಹಿಡಿದು ನೋಡಿದರು, ಕಾಫಿ ಕೊಟ್ಟರು, ಫೋಟೋವನ್ನು ಹಾಗೇ ವಾಪಸು ಕೊಟ್ಟರು. "ನಿಮ್ಮ ಜಗಳ ಯುಗಾದಿ ಹೊತ್ತಿಗೆ ಮುಗ್ದುಹೋಗುತ್ತೆ ಕಣ್ರೀ. ಫೋಟೋದಲ್ಲಿ ಬಿದ್ದ ತೂತು ಹೋಗಲ್ಲ. ನಾನು ಮುಖದ ಮೇಲೆ ಕೈ ಹಾಕೋಳಲ್ಲ" ಎಂದರು. ಆ ಹೆಂಗಸು ಮುಖ ಗಂಟಿಕ್ಕಿಕೊಂಡು ಹೋದರು. ನಾನು ಪಕ್ಕದಲ್ಲೇ ಕೂತು ಬಟರ್ ಪೇಪರ್ ಕತ್ತರಿಸುತ್ತಿದ್ದೆ. ನನ್ನ ಅತ್ತೆಯಂಥವರು ಊರಲ್ಲೇ ಇಲ್ಲ ಎಂದು ಹೆಮ್ಮೆಯಿಂದ ಉಬ್ಬಿಹೋದೆ. ಆ ಹೆಮ್ಮೆ ನೆನಪಾದರೆ ಈಗಲೂ ಮೈ ಉರಿಯುತ್ತದೆ.

ನಮ್ಮ ಮನೆಯ ಆಲ್ಬಮ್ಮನ್ನೂ ಅವರೇ ಕಟ್ಟಿದ್ದರು. ಹಿಂದಿನ ಹಾಳೆಯಲ್ಲಿ ಅಮ್ಮನ ಒಂದೇ ಒಂದು ಫೋಟೋ. ಮದುವೆಯ ಗುಂಪಿನಿಂದ ಅವಳೊಬ್ಬಳನ್ನೇ ಸ್ಟುಡಿಯೋದಲ್ಲಿ ದೊಡ್ಡದು ಮಾಡಿಸಿ, ಬಣ್ಣ ಹಚ್ಚಿಸಿದ್ದರು. ಬಣ್ಣ ಹಚ್ಚಿದವರು ತುಟಿಯನ್ನು ಕೆಂಪು ಮಾಡಿ, ಕೆನ್ನೆಗೆ ಗುಲಾಬಿ ಬಳಿದು, ಯಾರದೋ ಮುಖ ಮಾಡಿಟ್ಟಿದ್ದರು. ಮುಂದಿನ ಹಾಳೆಯಲ್ಲಿ ನನ್ನ ಫೋಟೋ. ಆಗತಾನೇ ಕೂರಲು ಕಲಿತ ಮಗು ನಾನು. ನನ್ನ ಕೆಳಗೆ, ಹಿಂದೆ, ಅಕ್ಕಪಕ್ಕ ಎಲ್ಲ ಅತ್ತೆ ಕ್ರೇಪ್ ಕಾಗದದಲ್ಲಿ ಮಾಡಿ ಅಂಟಿಸಿದ ಗುಲಾಬಿಗಳು. ಸೊಂಟಕ್ಕೆ ಕಾಗದದ್ದೇ ಒಂದು ಕೆಂಪು ಬೆಲ್ಟು. ಬಂದವರಿಗೆಲ್ಲ ಅಪ್ಪ ಅದನ್ನು ತೋರಿಸುತ್ತಿದ್ದರು. ಗುಲಾಬಿ ಸಿಂಹಾಸನದ ರಾಜಕುಮಾರಿ ಎಂದು ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ.

ಆದರೂ ನನಗೊಂದು ಆಸೆ ಇತ್ತು. ಅಮ್ಮ ನನ್ನನ್ನು ಎತ್ತಿಕೊಂಡಿರುವ ಒಂದು ಫೋಟೋ ಬೇಕು. ಶಾಲೆಯ ಗೆಳತಿಯರ ಮನೆಯಲ್ಲೆಲ್ಲ ಅಂಥದೊಂದು ಇರುತ್ತಿತ್ತು. ಅತ್ತೆಯ ಹತ್ತಿರ ಊರವರ ಫೋಟೋಗಳೆಲ್ಲ ಇರುವಾಗ ಇದೊಂದು ಎಲ್ಲಾದರೂ ಸೇರಿಕೊಂಡಿರಬಹುದು ಎಂದು ಪ್ರತಿ ಬೇಸಿಗೆ ರಜೆಯಲ್ಲೂ ಕೇಳುತ್ತಿದ್ದೆ. ಪ್ರತಿ ಸಲವೂ ಅವರು ಕೆಲಸದಿಂದ ತಲೆಯೆತ್ತದೆ ಒಂದೇ ಉತ್ತರ ಕೊಡುತ್ತಿದ್ದರು.

"ಎಲ್ಲಿಂದ ತರಲಿ ಕಂದಾ? ನಿನ್ನ ಜೊತೆ ತೆಗೆಸ್ಕೊಳ್ಳೋಕೆ ಮುಂಚೇನೇ ಹೊರಟೋದ್ಲು."

ನಂಬಿದ್ದೆ. ಬೆರಳು ಉಜ್ಜುತ್ತಾ ಅಂಟಿನ ಸಿಪ್ಪೆ ಬಿಡಿಸುತ್ತಾ ಹೇಳುತ್ತಿದ್ದರು. ಅಷ್ಟು ನೆಮ್ಮದಿಯಾಗಿ ಯಾರಾದರೂ ಸುಳ್ಳು ಹೇಳುತ್ತಾರೆ ಎಂದು ನನಗೆ ಹೇಗೆ ತಿಳಿಯಬೇಕು?

ನನ್ನ ಮದುವೆ ನಿಶ್ಚಯವಾದ ವರ್ಷ ಮಳೆ ಜೋರಾಗಿ ಬಂದು ನಮ್ಮ ತಾರಸಿ ಸೋರಿತು. ಆಲ್ಬಮ್ಮಿದ್ದ ಟ್ರಂಕಿನೊಳಕ್ಕೂ ನೀರು ಹೋಯಿತು. ಹಾಳೆಗಳನ್ನು ಬಿಡಿಸಿ ಹಜಾರದಲ್ಲಿ ಒಣಗಲು ಇಟ್ಟೆ. ನನ್ನ ಫೋಟೋದಲ್ಲಿ ಆ ಕೆಂಪು ಬೆಲ್ಟಿನ ತುದಿ ಸುರುಳಿ ಸುತ್ತಿಕೊಂಡು ಎದ್ದಿತ್ತು. ಮತ್ತೆ ಅಂಟಿಸೋಣ ಎಂದು ಮೆಲ್ಲಗೆ ಎತ್ತಿದೆ. ಬೆಲ್ಟು ಸಲೀಸಾಗಿ ಬಂತು. ಅದರಡಿಯಲ್ಲಿ ನನ್ನ ಸೊಂಟವನ್ನು ಬಳಸಿದ ನಾಲ್ಕು ಬೆರಳುಗಳಿದ್ದವು. ಹೆಂಗಸಿನ ಕೈ. ಒಂದು ಬೆರಳಿನಲ್ಲಿ ಉಂಗುರವೂ ಇತ್ತು.

ನಾನು ಗುಲಾಬಿಗಳ ಮೇಲೆ ಕೂತಿರಲಿಲ್ಲ, ಅಮ್ಮನ ತೊಡೆಯ ಮೇಲೆ ಕೂತಿದ್ದೆ. ಇಷ್ಟು ವರ್ಷ ಕಾಡಿ ಬೇಡಿ ಕೇಳಿದ ಫೋಟೋ, ಬಂದವರಿಗೆಲ್ಲ ತೋರಿಸಿ ನಕ್ಕ ಅದೇ ಫೋಟೋ.

ಅಂಟು ಬಿಡಿಸಲು ಅತ್ತೆ ಕಲಿಸಿದ್ದನ್ನು ಒಂದೂ ಬಿಡದೆ ಮಾಡಿದೆ. ಬಿಸಿನೀರಲ್ಲಿ ಹಿಂಡಿದ ಬಟ್ಟೆಯನ್ನು ಹೂಗಳ ಮೇಲೆ ಹೊದಿಸಿದೆ. ಅವಸರ ಮಾಡಲಿಲ್ಲ. ಬಿದಿರಿನ ಸೀಳನ್ನು ಅಂಚಿನಿಂದ ತೂರಿಸಿ ಒಂದೊಂದೇ ಎಸಳಾಗಿ ಎತ್ತಿದೆ. ಬೆಲ್ಟು ಬಂದ ಹಾಗೆ ಇವೂ ಬರುತ್ತವೆ ಎಂಬ ನಂಬಿಕೆ. ಅತ್ತೆಯ ಅಂಟು ಎಂದರೆ ಬಿಡಿಸಲು ಬರುವ ಅಂಟು. ಆದರೆ ಹೂಗಳನ್ನು ಮೈದಾದಿಂದ ಅಂಟಿಸಿರಲಿಲ್ಲ. ಬಡಗಿಗಳು ಮರಕ್ಕೆ ಹಾಕುವ ಕಂದು ಅಂಟನ್ನು ಅಷ್ಟಗಲಕ್ಕೂ ಬಳಿದಿದ್ದರು. ಮೇಲಿನ ದೊಡ್ಡ ಗುಲಾಬಿ ಎದ್ದು ಬಂದಾಗ ಅದರ ಜೊತೆ ಫೋಟೋದ ಪದರವೂ ಕಿತ್ತು ಬಂತು. ಅಮ್ಮನ ಮುಖವಿದ್ದ ಜಾಗದಲ್ಲಿ ಬಿಳಿ ಕಾಗದ ಉಳಿಯಿತು. ಗುಲಾಬಿಯನ್ನು ತಿರುಗಿಸಿ ನೋಡಿದೆ. ಬೆನ್ನಿಗೆ ಹತ್ತಿಕೊಂಡ ಕಪ್ಪು ಕಲೆಯಲ್ಲಿ ಒಂದು ಹುಬ್ಬು ಇದ್ದಂತೆ ಇತ್ತು, ಅಷ್ಟೆ.

ಅದೇ ದಿನ ಸಿದ್ದಾಪುರಕ್ಕೆ ನಡೆದೆ. ಅತ್ತೆ ಮೊರದಲ್ಲಿ ಅಕ್ಕಿ ಹರಡಿಕೊಂಡು ಕಲ್ಲು ಆರಿಸುತ್ತಿದ್ದರು. ಫೋಟೋವನ್ನು ಆ ಅಕ್ಕಿಯ ಮೇಲೇ ಇಟ್ಟೆ. ಅವರು ಸೆರಗಿಗೆ ಕೈ ಒರೆಸಿಕೊಂಡರು. ಅಂಚಿನಲ್ಲಿ ಹಿಡಿದು ಎತ್ತಿಕೊಂಡರು. ಆಗಲೂ ಅಂಚಿನಲ್ಲೇ. ಅದು ನನ್ನನ್ನು ಇನ್ನಷ್ಟು ರೇಗಿಸಿತು.

"ಮುಖದ ಮೇಲೆ ಕೈ ಹಾಕೋಳಲ್ಲ ಅಂತಿದ್ರಲ್ಲ ಅತ್ತೆ" ಎಂದೆ.

ಅಕ್ಕಿಯ ಮೊರವನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಫೋಟೋಗೆ ಹೇಳುವ ಹಾಗೆ ಹೇಳಿದರು: "ನಿಂದು ಅಂತ ಇದ್ದಿದ್ದು ಇದೊಂದೇ. ಮುಂದೆ ಹಾಕಿದ್ರೆ ಅವಳಿದಾಳೆ, ಹಿಂದೆ ಹಾಕಿದ್ರೆ ನೀನಿದೀಯ. ಬದುಕಿರೋ ಮಗೂನ ಹೋದೋರ ಹಾಳೇಲಿ ಹೆಂಗೆ ಹಾಕಲಿ?"

ಹಾಗಿದ್ದರೆ ಒಂದು ಲಕೋಟೆಯಲ್ಲಿ ಹಾಕಿ ಎತ್ತಿಡಬಹುದಿತ್ತಲ್ಲ ಎಂದೆ. ಹೊಸದಾಗಿ ಬರುವವಳ ಕೈಗೆ ಸಿಕ್ಕಿ ಅವಳು ಹರಿದು ಹಾಕಿದ್ದರೆ ಎಂದರು. ಅಪ್ಪನಿಗೆ ಗೊತ್ತಿತ್ತೇ ಎಂದು ಕೇಳಿದೆ. ಗೊತ್ತಿತ್ತಂತೆ. ಅಪ್ಪ ಏನೂ ಹೇಳಲಿಲ್ಲವಂತೆ. ಮೈದಾ ಬಿಟ್ಟು ಆ ಅಂಟು ಯಾಕೆ ಹಾಕಿದಿರಿ ಎಂಬುದೊಂದು ಉಳಿದಿತ್ತು, ಅದನ್ನೂ ಕೇಳಿದೆ.

"ಮೈದಾ ಆಗಿದ್ರೆ ನಾನೇ ಯಾವತ್ತೋ ಬಿಡಿಸಿಬಿಡ್ತಿದ್ದೆ ಕಣೆ" ಎಂದರು.

ಅದನ್ನು ಕೇಳಿ ನನ್ನ ಮನಸ್ಸು ಕರಗಲಿಲ್ಲ. ತನ್ನ ಮೇಲೆ ತನಗೇ ಇದ್ದ ಅಪನಂಬಿಕೆಯನ್ನು ನನ್ನ ಅಮ್ಮನ ಮುಖದ ಮೇಲೆ ಬಳಿದಿದ್ದರು. ಅಷ್ಟೂ ಸಾಲದೆಂದು ನನಗೆ ಬಿಡಿಸುವ ವಿದ್ಯೆ ಕಲಿಸಿ, ನನ್ನ ಕೈಯಿಂದಲೇ ಅದನ್ನು ಕಿತ್ತುಹಾಕಿಸಿದ್ದರು. ಫೋಟೋ ಕಿತ್ತುಕೊಂಡು ಎದ್ದು ಬಂದೆ. ಅದನ್ನು ತೆಗೆದ ಸ್ಟುಡಿಯೋ ಎಂದೋ ಮುಚ್ಚಿಹೋಗಿತ್ತು. ನೆಗೆಟಿವ್ ಎಲ್ಲಿ ಹೋಯಿತೋ ಯಾರಿಗೂ ತಿಳಿಯದು.

ಮನೆಗೆ ಬಂದು ಚಿಕ್ಕಮ್ಮನಿಗೆ ತೋರಿಸಿದೆ. ಅವರು ಆ ಬೆರಳುಗಳನ್ನು ನೋಡುತ್ತಾ ಅಡುಗೆಮನೆಯ ಹೊಸ್ತಿಲ ಮೇಲೆ ಕೂತುಬಿಟ್ಟರು. "ಹರಿದು ಹಾಕೋಳು ಅಂತ ಅಂದ್ಕೊಂಡ್ರಾ ನನ್ನ? ಯಾರಾದ್ರೂ ನನ್ನ ಒಂದು ಮಾತು ಕೇಳಬಹುದಿತ್ತು" ಎಂದರು. ಅವರ ಕಣ್ಣಲ್ಲಿ ನೀರಿತ್ತು. ಮೋಸ ಹೋದವಳು ನಾನೊಬ್ಬಳೇ ಅಲ್ಲ ಎಂದು ಅವತ್ತು ಗೊತ್ತಾಯಿತು. ಅಪ್ಪ ಪೇಪರ್ ಓದುತ್ತಾ ಕೂತಿದ್ದರು, ಹಾಳೆ ತಿರುಗಿಸಲಿಲ್ಲ.

ನನ್ನ ಮದುವೆಗೆ ಅತ್ತೆ ಬಂದರು. ರೇಷ್ಮೆ ಅಂಚಿನ ಹೊದಿಕೆಯ ಹೊಸ ಆಲ್ಬಮ್ಮೊಂದನ್ನು ಕೈಗಿಟ್ಟರು. ಕಾಲಿಗೆ ನಮಸ್ಕಾರ ಮಾಡಿದೆ, ಮುಖ ನೋಡಲಿಲ್ಲ. ಆಲ್ಬಮ್ಮನ್ನು ತೆರೆಯದೆ ತವರಿನಲ್ಲೇ ಬಿಟ್ಟು ಗಂಡನ ಮನೆಗೆ ಹೋದೆ.

ಮುಂದಿನ ವರ್ಷ ಅವರು ತೀರಿಕೊಂಡರು. ಹೋಗಿ ನೋಡಿದೆ. ಹಜಾರದಲ್ಲಿ ಮಲಗಿಸಿದ್ದರು. ಬಲಗೈ ಬೆರಳುಗಳ ತುದಿಯಲ್ಲಿ ಅಂಟಿನ ಸಿಪ್ಪೆ ಹಾಗೇ ಇತ್ತು. ಹೆಂಗಸರು ಅಳುತ್ತಿದ್ದರು, ನಾನು ಆ ಬೆರಳುಗಳನ್ನೇ ನೋಡುತ್ತಾ ನಿಂತಿದ್ದೆ. ಅಳು ಬರಲಿಲ್ಲ.

ಕರ್ಮವೆಲ್ಲ ಮುಗಿದ ಮೇಲೆ ತವರಿಗೆ ಬಂದು ಆ ಆಲ್ಬಮ್ಮನ್ನು ತೆರೆದೆ. ಅದಕ್ಕೆ ಒಂದೇ ಬಾಗಿಲಿತ್ತು. ಹಿಂದಿನ ರಟ್ಟನ್ನು ಹಾಳೆಗೆ ಸೇರಿಸಿ ಹೊಲಿದುಬಿಟ್ಟಿದ್ದರು. ಮೊದಲ ಹಾಳೆಯಲ್ಲಿ ನಾಲ್ಕು ಮೂಲೆಗಳನ್ನು ಅಂಟಿಸಿ ನಡುವೆ ಖಾಲಿ ಬಿಟ್ಟಿದ್ದರು. ಅಳತೆ ನೋಡುವ ಅಗತ್ಯವಿರಲಿಲ್ಲ, ಆದರೂ ನೋಡಿದೆ. ಮುಖ ಹೋದ ಅಮ್ಮನೂ ಅವಳ ತೊಡೆಯ ಮೇಲಿನ ನಾನೂ ಅದರೊಳಗೆ ಸರಿಯಾಗಿ ಕೂತೆವು. ಮುಖವಿದ್ದಾಗ ಕೊಡದ ಜಾಗ ಅದು. ಕೊಟ್ಟಿದ್ದಕ್ಕೆ ಕೃತಜ್ಞತೆ ಹೇಳಲು ನನಗೆ ಇಂದಿಗೂ ಆಗಿಲ್ಲ.

ನಾನು ಈಗಲೂ ಮೈದಾ ಅಂಟನ್ನೇ ಕುದಿಸುತ್ತೇನೆ, ಚಿಟಿಕೆ ಮೈಲುತುತ್ತ ಹಾಕುತ್ತೇನೆ. ಮಾತಾಡುವಾಗ ಬೆರಳು ಉಜ್ಜುತ್ತೀರಿ ಎಂದು ಮಗಳು ಆಡಿಕೊಳ್ಳುತ್ತಾಳೆ. ಆ ಆಲ್ಬಮ್ಮಿನಲ್ಲಿ ಅಮ್ಮನಿಗೂ ನನಗೂ ಎದುರು ಹಾಳೆಯಲ್ಲಿ ಅತ್ತೆಯ ಫೋಟೋ ಇದೆ. ಮೂಲೆಗಳನ್ನು ನಾನೇ ಮಡಿಸಿದ್ದು, ಬೆನ್ನಿಗೆ ಅಂಟು ತಾಗಿಸಿಲ್ಲ. ಸಿಟ್ಟು ಬಂದ ದಿನ ಜಾರಿಸಿ ಹೊರಗೆ ತೆಗೆಯುತ್ತೇನೆ. ಹಾಳೆ ಖಾಲಿ ಕಂಡರೆ ನೋಡಲಾಗದೆ ಮತ್ತೆ ಅಲ್ಲೇ ಕೂರಿಸುತ್ತೇನೆ.